ಔಷಧ ಸರಿ, ಅಳತೆ ತಪ್ಪಿದರೆ? ಇನ್ಸುಲಿನ್ ಕಲಿಸುವ ಸುರಕ್ಷತೆಯ ಪಾಠ

ವೈದ್ಯರು ಬರೆದ ಔಷಧ ಸರಿಯಾಗಿದೆ. ಔಷಧಾಲಯದಿಂದ ಬಂದ ಸೀಸೆಯೂ ಅದೇ ಔಷಧದ್ದು. ಹಾಸಿಗೆಯಲ್ಲಿರುವ ರೋಗಿಯೂ ಅವರೇ. ಆದರೂ ಚುಚ್ಚುಮದ್ದು ನೀಡಿದ ಕೆಲವೇ ಗಂಟೆಗಳಲ್ಲಿ ರೋಗಿ ಬೆವರಿ, ನಡುಗಿ, ಪ್ರಜ್ಞೆ ಕಳೆದುಕೊಳ್ಳಬಹುದು. ಸೀಸೆಗೂ ಸಿರಿಂಜಿಗೂ ತಾಳೆಯಾಗದಿದ್ದರೆ ಇಷ್ಟು ಅನಾಹುತಕ್ಕೆ ಸಾಕು.

ಔಷಧ ನೀಡಿಕೆಯಲ್ಲಿ ಆಗುವ ತಪ್ಪುಗಳನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾನಿರಹಿತ ಔಷಧೋಪಚಾರದ ಜಾಗತಿಕ ಅಭಿಯಾನ ಆರಂಭಿಸಿತು. ತಡೆಯಬಹುದಾದ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸುವುದು ಅದರ ಗುರಿಯಾಗಿತ್ತು. 2022ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನವನ್ನೂ ಔಷಧ ಸುರಕ್ಷತೆಗೇ ಮೀಸಲಿಡಲಾಗಿತ್ತು. ವಿಶೇಷ ಎಚ್ಚರ ಬೇಡುವ ಔಷಧಗಳೆಂದು ಆಸ್ಪತ್ರೆಗಳು ಗುರುತಿಸುವವುಗಳಲ್ಲಿ ಹೆಪಾರಿನ್, ಮಾರ್ಫಿನ್ ಹಾಗೂ ಪೊಟ್ಯಾಸಿಯಂ ಕ್ಲೋರೈಡಿನ ಸಾಂದ್ರ ದ್ರಾವಣದೊಂದಿಗೆ ಇನ್ಸುಲಿನ್ ಕೂಡ ಇದೆ.

ನಲವತ್ತೋ, ನೂರೋ?

ಭಾರತದಲ್ಲಿ ಇನ್ಸುಲಿನ್ ಸೀಸೆಗಳು ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತವೆ. ಒಂದರಲ್ಲಿ ಪ್ರತಿ ಮಿಲಿ ಲೀಟರಿಗೆ 40 ಯೂನಿಟ್ ಇದ್ದರೆ, ಮತ್ತೊಂದರಲ್ಲಿ 100 ಯೂನಿಟ್ ಇರುತ್ತದೆ. ಇವೆರಡಕ್ಕೂ ಸಿರಿಂಜುಗಳು ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುವುದು ರೂಢಿ.

ರೋಗಿಗೆ 20 ಯೂನಿಟ್ ನೀಡಬೇಕೆಂದು ಭಾವಿಸೋಣ. 100ರ ಸೀಸೆಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿ ಲೀಟರ್ ಬರುತ್ತದೆ. ಅಂದರೆ 50 ಯೂನಿಟ್, ಬೇಕಾದುದರ ಎರಡೂವರೆ ಪಟ್ಟು. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ದೊರೆಯುವುದು ಕೇವಲ 8 ಯೂನಿಟ್. ಮೊದಲನೆಯದು ರಕ್ತದ ಸಕ್ಕರೆಯನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಲ್ಲದು, ಎರಡನೆಯದರಿಂದ ಸಕ್ಕರೆ ಹತೋಟಿ ಮೀರಿ ಏರಬಹುದು. ಮುಚ್ಚಳದ ಬಣ್ಣವನ್ನೊಂದೇ ನಂಬದೆ, ಸೀಸೆಯ ಚೀಟಿ ಮತ್ತು ಸಿರಿಂಜಿನ ಮೇಲಿನ ಅಂಕಿಗಳನ್ನು ಓದಿ ಹೋಲಿಸಬೇಕು.

ದೇಹದಲ್ಲಿ ನಡೆಯುವುದೇನು?

ಇನ್ಸುಲಿನ್ ರಕ್ತದಲ್ಲಿನ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಿಗೆ ಸೇರಿಸುತ್ತದೆ. ಯಕೃತ್ತಿನಿಂದ ಗ್ಲೂಕೋಸ್ ಹೊರಬರುವುದನ್ನೂ ತಗ್ಗಿಸುತ್ತದೆ. ತಿಳಿಯಾಗಿ ಕಾಣುವ ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ನೀಡಿದ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಆರಂಭಿಸಿ, ಎರಡರಿಂದ ನಾಲ್ಕು ಗಂಟೆಯ ವೇಳೆಗೆ ಗರಿಷ್ಠ ಪರಿಣಾಮ ತೋರುತ್ತದೆ. ಆದ್ದರಿಂದ ರೋಗಿಯ ಊಟ ಖಚಿತವಾಗದೆ ಅದನ್ನು ನೀಡುವುದು ಸಲ್ಲದು. ಶಸ್ತ್ರಚಿಕಿತ್ಸೆಗಾಗಿ ಉಪವಾಸದಲ್ಲಿರುವವರ ಅಥವಾ ವಾಂತಿ ಮಾಡುತ್ತಿರುವವರ ವಿಷಯದಲ್ಲಿ ವೈದ್ಯರನ್ನು ಮತ್ತೊಮ್ಮೆ ವಿಚಾರಿಸುವುದು ಅಗತ್ಯ.

ಹಾಲಿನಂತೆ ಮಬ್ಬಾಗಿರುವ ಎನ್‌ಪಿಎಚ್ ಇನ್ಸುಲಿನ್ ನಿಧಾನವಾಗಿ ಕೆಲಸ ಮಾಡುತ್ತದೆ. ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ಹಗುರವಾಗಿ ಉರುಳಿಸಿ ಬೆರೆಸಬೇಕು. ಇದನ್ನು ಎಂದಿಗೂ ರಕ್ತನಾಳಕ್ಕೆ ನೀಡಬಾರದು. ಇವೆರಡನ್ನೂ ಒಂದೇ ಸಿರಿಂಜಿನಲ್ಲಿ ನೀಡಬೇಕಾದಾಗ ತಿಳಿಯಾದುದನ್ನು ಮೊದಲು, ಮಬ್ಬಾದುದನ್ನು ನಂತರ ಎಳೆಯುವುದು ನಿಯಮ. ಗ್ಲಾರ್ಜಿನ್ ಕೂಡ ತಿಳಿಯಾಗಿಯೇ ಇರುತ್ತದೆ, ಆದರೆ ಅದನ್ನು ಬೇರಾವ ಇನ್ಸುಲಿನ್ ಜತೆಗೂ ಬೆರೆಸುವಂತಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುವುದರಿಂದ ಅವರ ಮೇಲೆ ನಿಗಾ ಹೆಚ್ಚಿರಬೇಕು.

ಐದು 'ಸರಿ'ಗಳು

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಸೂತ್ರಗಳನ್ನು ಶುಶ್ರೂಷಾ ವಿದ್ಯಾರ್ಥಿಗಳು ಆರಂಭದಲ್ಲಿಯೇ ಕಲಿಯುತ್ತಾರೆ. ಕಷ್ಟವಿರುವುದು ಪಾಲನೆಯಲ್ಲಿ. ಹೆಸರು ಹೇಳಿ "ನೀವೇ ಅಲ್ಲವೇ?" ಎಂದು ಕೇಳಿದರೆ ಮಂಪರಿನಲ್ಲಿರುವ ರೋಗಿ ಯಾವ ಹೆಸರಿಗೂ ತಲೆಯಾಡಿಸಬಹುದು. "ನಿಮ್ಮ ಹೆಸರೇನು?" ಎಂದು ಕೇಳಿ, ಉತ್ತರವನ್ನು ಕೈಪಟ್ಟಿಯ ಹೆಸರು ಹಾಗೂ ನೋಂದಣಿ ಸಂಖ್ಯೆಯೊಂದಿಗೆ ತಾಳೆ ನೋಡುವುದು ಕ್ಷೇಮಕರ. ಹಾಸಿಗೆಯ ಸಂಖ್ಯೆ ಗುರುತಾಗಲಾರದು, ಏಕೆಂದರೆ ರೋಗಿಗಳ ಹಾಸಿಗೆ ಬದಲಾಗುತ್ತಿರುತ್ತದೆ.

ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ರೋಗಿಗೆ ನೀಡುವ ಮುನ್ನ ಹೀಗೆ ಮೂರು ಬಾರಿ ಚೀಟಿ ಓದಬೇಕು. ಇನ್ಸುಲಿನ್‌ನಂಥ ಔಷಧವಾದರೆ ಮತ್ತೊಬ್ಬ ಸಹೋದ್ಯೋಗಿ ಸ್ವತಂತ್ರವಾಗಿ ಲೆಕ್ಕ ಮಾಡಿ ನೋಡುವುದು ಉತ್ತಮ. ನೀಡಿದ ಕೂಡಲೇ ದಾಖಲೆಯಲ್ಲಿ ಬರೆಯದಿದ್ದರೆ, ಮುಂದಿನ ಪಾಳಿಯವರು ಅದೇ ಔಷಧವನ್ನು ಮತ್ತೆ ನೀಡುವ ಅಪಾಯವಿದೆ.

ಬರವಣಿಗೆಯಲ್ಲೂ ಅಪಾಯ ಅಡಗಿರುತ್ತದೆ. ಯೂನಿಟ್ ಎಂಬುದರ ಬದಲಿಗೆ ಇಂಗ್ಲಿಷಿನ 'ಯು' ಅಕ್ಷರ ಬರೆದಾಗ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗಿಬಿಡಬಹುದು. 1.0 ಎಂದು ಬರೆದರೆ ಚುಕ್ಕಿ ಕಾಣದೆ 10 ಎಂದು ಓದಿಕೊಳ್ಳಬಹುದು. ಆದ್ದರಿಂದ ಯೂನಿಟ್ ಎಂಬ ಪದವನ್ನು ಪೂರ್ಣವಾಗಿ ಬರೆಯಬೇಕು, ಅನಗತ್ಯ ಸೊನ್ನೆಯನ್ನು ಬಿಡಬೇಕು.

ಸಕ್ಕರೆ ಇಳಿದಾಗ

ರಕ್ತದ ಗ್ಲೂಕೋಸ್ ಪ್ರತಿ ಡೆಸಿ ಲೀಟರಿಗೆ 70 ಮಿಲಿ ಗ್ರಾಮಿಗಿಂತ ಕೆಳಗಿಳಿದರೆ ತಕ್ಷಣ ಕ್ರಮ ಅಗತ್ಯ. ಹಸಿವು, ಬೆವರು, ನಡುಕ, ಎದೆಬಡಿತ, ಗೊಂದಲದ ಮಾತು ಇದರ ಲಕ್ಷಣಗಳು. ಪ್ರೊಪ್ರನಲಾಲ್‌ನಂಥ ಔಷಧ ಸೇವಿಸುವವರಲ್ಲಿ ನಡುಕ ಮತ್ತು ಎದೆಬಡಿತ ಮರೆಯಾಗಿ, ಬೆವರೊಂದೇ ಸುಳಿವಾಗಿ ಉಳಿಯಬಹುದು. ಎಚ್ಚರವಿದ್ದು ನುಂಗಬಲ್ಲವರಿಗೆ ಸುಮಾರು 15 ಗ್ರಾಂ ಗ್ಲೂಕೋಸ್ ನೀಡಿ, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಅವರಿಗೆ ವೈದ್ಯರ ಸೂಚನೆಯಂತೆ ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ ನೀಡಲಾಗುತ್ತದೆ.

ಪ್ರಶ್ನಿಸುವುದೂ ಕರ್ತವ್ಯ

ಔಷಧವು ಹಲವು ಕೈಗಳನ್ನು ದಾಟಿ ರೋಗಿಯನ್ನು ತಲುಪುತ್ತದೆ. ಅವುಗಳಲ್ಲಿ ಕೊನೆಯದು ಶುಶ್ರೂಷಕರ ಕೈ. ಅಲ್ಲಿ ತಪ್ಪಿದರೆ ತಡೆಯಲು ಮುಂದೆ ಯಾರೂ ಇರುವುದಿಲ್ಲ. ಪ್ರಮಾಣ ಅಸಹಜವೆನಿಸಿದಾಗ ಔಷಧವನ್ನು ತಡೆಹಿಡಿದು ವೈದ್ಯರನ್ನು ಕೇಳುವುದು ಅವಿಧೇಯತೆಯಲ್ಲ. ತಪ್ಪು ನಡೆದರೆ ಮುಚ್ಚಿಡದೆ ಕೂಡಲೇ ತಿಳಿಸಿದಲ್ಲಿ ರೋಗಿಯನ್ನು ಉಳಿಸುವ ಸಮಯ ದೊರೆಯುತ್ತದೆ.

ಆಸ್ಪತ್ರೆಯಿಂದ ಮನೆಗೆ ಮರಳುವ ರೋಗಿಯ ಕುಟುಂಬಕ್ಕೂ ಈ ಪಾಠ ಅನ್ವಯಿಸುತ್ತದೆ. ಔಷಧದ ಅಂಗಡಿಯಲ್ಲಿ ಇನ್ಸುಲಿನ್ ಕೊಳ್ಳುವಾಗಲೆಲ್ಲ ಸೀಸೆ ನಲವತ್ತರದೋ ನೂರರದೋ ಎಂದು ನೋಡಿ, ಅದಕ್ಕೆ ಹೊಂದುವ ಸಿರಿಂಜನ್ನೇ ಕೇಳಿ ಪಡೆಯಬೇಕು.