ಬಯಾಫ್ರಾದ ಹಸಿವು ಮತ್ತು ಪರಿಹಾರದ ಹಾದಿ

ಅಂತರ್ಯುದ್ಧಗಳ ಚರಿತ್ರೆಯಲ್ಲಿ ಸೈನ್ಯಗಳ ಚಲನವಲನಕ್ಕೆ ದೊರೆಯುವಷ್ಟು ಗಮನವು ನೆಲೆ ತಪ್ಪಿದ ಜನರ ಅನ್ನದ ಪ್ರಶ್ನೆಗೆ ದೊರೆಯುವುದಿಲ್ಲ. 1967ರ ಜುಲೈಯಿಂದ 1970ರ ಜನವರಿಯವರೆಗೆ ನಡೆದ ನೈಜೀರಿಯದ ಯುದ್ಧದಲ್ಲಿಯಾದರೋ ಇವೆರಡನ್ನೂ ಬೇರ್ಪಡಿಸುವುದು ಅಸಾಧ್ಯ. ಆಹಾರವು ಯಾವ ಹಾದಿಯಿಂದ ಬರಬೇಕೆಂಬುದೇ ಅಲ್ಲಿ ರಾಜಕೀಯ ವಿವಾದವಾಯಿತು. ಅದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜನರ ವಲಸೆ ಯುದ್ಧಕ್ಕಿಂತ ಮೊದಲೇ ಆರಂಭವಾಗಿತ್ತು. 1966ರಲ್ಲಿ ಉತ್ತರ ಪ್ರಾಂತದಲ್ಲಿ ನಡೆದ ಹತ್ಯಾಕಾಂಡಗಳಿಗೆ ಅಂಜಿ 10 ಲಕ್ಷಕ್ಕೂ ಹೆಚ್ಚು ಈಬೋ ಜನರು ಪೂರ್ವಕ್ಕೆ ಮರಳಿದರು. ಅವರಿಗೆ ಮೊದಲು ಆಶ್ರಯವಿತ್ತುದು ಬಂಧುಗಳ ಮನೆಗಳು. 1967ರ ಮೇ 30ರಂದು ಪೂರ್ವ ಪ್ರಾಂತವು ಬಯಾಫ್ರಾ ಎಂಬ ಹೆಸರಿನಿಂದ ಸ್ವಾತಂತ್ರ್ಯವನ್ನು ಘೋಷಿಸಿತು. ಯುದ್ಧ ಮೊದಲಾಗಿ ಸರ್ಕಾರದ ಸೈನ್ಯ ಮುಂದೊತ್ತಿದಂತೆಲ್ಲ, ಅದೇ ಜನರು ಮತ್ತೆ ಮತ್ತೆ ಊರು ಬಿಡಬೇಕಾಯಿತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಂದರು ಕೈತಪ್ಪಿದ ಮೇಲೆ ಸಮುದ್ರಮಾರ್ಗವೂ ಮುಚ್ಚಿತು. ಗೆಡ್ಡೆಗೆಣಸುಗಳು ಅಷ್ಟಿಷ್ಟು ದೊರೆಯುತ್ತಿದ್ದರೂ ಹೊರಗಿನ ಒಣಮೀನು, ಮಾಂಸಗಳು ನಿಂತುಹೋದವು. ಸಸಾರಜನಕದ ಕೊರತೆಯಿಂದ ಮಕ್ಕಳ ಮೈ ಬಾತು, ಕೂದಲು ಕೆಂಚಾಯಿತು.

ಪರಿಹಾರ ಸಾಮಗ್ರಿಯನ್ನು ಉಭಯ ಪಕ್ಷಗಳೂ ತತ್ತ್ವತಃ ಒಪ್ಪಿದ್ದವು. ಆದರೆ ಅದು ತನ್ನ ತಪಾಸಣೆಗೆ ಒಳಪಟ್ಟು ಭೂಮಾರ್ಗದಿಂದಲೋ ಹಗಲಿನ ವಿಮಾನಗಳಿಂದಲೋ ಹೋಗಬೇಕೆಂದು ಗೋವನ್ ನೇತೃತ್ವದ ಸರ್ಕಾರವು ಪಟ್ಟು ಹಿಡಿಯಿತು. ಆಹಾರಕ್ಕೆ ವಿಷ ಬೆರೆಸಿಯಾರು, ತೆರೆದ ಹಾದಿಯಲ್ಲಿ ಶತ್ರುಸೈನ್ಯ ನುಗ್ಗೀತು ಎಂದು ಓಜುಕ್ವು ಪಕ್ಷದವರು ನಿರಾಕರಿಸಿದರು. ಇನ್ನೊಂದು ಕಾರಣವೂ ಇತ್ತು. ಹೆದ್ದಾರಿಯನ್ನು ಅಗಲಗೊಳಿಸಿ ಮಾಡಿದ್ದ ಊಲಿಯ ವಿಮಾನದಾಣಕ್ಕೆ ಶಸ್ತ್ರಗಳೂ ರಾತ್ರಿಯೇ ಬಂದಿಳಿಯುತ್ತಿದ್ದವು. ಅನ್ನದ ವಿಮಾನಗಳ ಸಂಚಾರವು ಅವುಗಳಿಗೆ ಮರೆಯಾಗಿತ್ತು.

ಹೀಗೆ ಪರಿಹಾರಕಾರ್ಯವು ಕತ್ತಲೆಯ ಕಾರ್ಯವಾಯಿತು. ಕ್ರೈಸ್ತ ಸಂಸ್ಥೆಗಳು ಸಾವೊ ತೋಮೆ ದ್ವೀಪದಿಂದಲೂ ರೆಡ್ ಕ್ರಾಸ್ ಸಂಸ್ಥೆಯು ಮುಖ್ಯವಾಗಿ ಫರ್ನಾಂಡೊ ಪೋ ದ್ವೀಪದಿಂದಲೂ ವಿಮಾನಗಳನ್ನು ಕಳುಹಿಸಿದವು. 1969ರ ಜೂನ್ 5ರಂದು ರೆಡ್ ಕ್ರಾಸ್ ವಿಮಾನವೊಂದನ್ನು ಸರ್ಕಾರದ ಯುದ್ಧವಿಮಾನವು ಹೊಡೆದುರುಳಿಸಿದ ಬಳಿಕ ಆ ಸಂಸ್ಥೆಯು ತನ್ನ ಸಾಗಣೆಯನ್ನು ನಿಲ್ಲಿಸಿತು. ಕ್ರೈಸ್ತ ಸಂಸ್ಥೆಗಳು ಯುದ್ಧದ ಕೊನೆಯವರೆಗೆ 5,000ಕ್ಕೂ ಹೆಚ್ಚು ಹಾರಾಟಗಳಲ್ಲಿ ಸುಮಾರು 60,000 ಟನ್ನು ಸಾಮಗ್ರಿಯನ್ನು ತಲುಪಿಸಿದವು.

ಈ ನೆರವಿನೊಡನೆ ಬಂದ ವಿದೇಶೀ ಹಣವು ಬಯಾಫ್ರಾ ಸರ್ಕಾರಕ್ಕೆ ಆಧಾರವಾಗಿ ಯುದ್ಧವನ್ನು ದೀರ್ಘಗೊಳಿಸಿತೆಂಬುದು ಕೆಲವರ ಆಕ್ಷೇಪ. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ದೋಷವನ್ನೆಲ್ಲ ಅನ್ನ ತಂದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಮುತ್ತಿಗೆ ಹಾಕಿದವರಿಗೆ ಹಸಿವು ಆಯುಧವಾಯಿತು; ಮುತ್ತಿಗೆಗೊಳಗಾದವರ ನಾಯಕರಿಗೆ ಅದೇ ಲೋಕದ ಮುಂದಿಡುವ ಸಾಕ್ಷ್ಯವಾಯಿತು. ಮೃತರ ಸಂಖ್ಯೆಯ ಅಂದಾಜುಗಳು 5 ಲಕ್ಷದಿಂದ 30 ಲಕ್ಷದವರೆಗಿವೆ. ಅವರಲ್ಲಿ ಬಹುಪಾಲು ಜನರನ್ನು ಕೊಂದುದು ಗುಂಡಲ್ಲ, ಹಸಿವು ಮತ್ತು ರೋಗ.

1949ರ ನಾಲ್ಕನೆಯ ಜಿನೀವಾ ಒಪ್ಪಂದದಲ್ಲಿ ಆಹಾರಸಾಗಣೆಗೆ ದಾರಿ ಬಿಡಬೇಕೆಂಬ ವಿಧಿಯಿದ್ದರೂ ಅದು ರಾಷ್ಟ್ರರಾಷ್ಟ್ರಗಳ ಯುದ್ಧಕ್ಕೆ ಮಾತ್ರ ಅನ್ವಯಿಸುತ್ತಿತ್ತು. ನಾಗರಿಕರನ್ನು ಉಪವಾಸ ಕೆಡವುವುದನ್ನು ಅಂತರ್ಯುದ್ಧದಲ್ಲಿಯೂ ನಿಷೇಧಿಸಿದುದು 1977ರ ಎರಡನೆಯ ಪೂರಕ ಒಪ್ಪಂದ. ಬಯಾಫ್ರಾದ ಮಕ್ಕಳ ಪಾಲಿಗೆ ಆ ನಿಯಮವು ತಡವಾಗಿ ಬಂದಿತು.