ಮೂರನೆಯವನು ಯಾರು?

ಚಿತ್ರೀಕರಣಕ್ಕೆಂದು ಸಿಂಧನೂರು ತಾಲ್ಲೂಕಿನ ಸಾಲಗುಂದದ ಕಡೆ ಹೋಗಿದ್ದಾಗ ಟ್ರ್ಯಾಕ್ಟರ್ ಮಾಲೀಕರೊಬ್ಬರನ್ನು ವಿಮೆಯ ಬಗ್ಗೆ ಕೇಳಿದ್ದೆ. "ಇನ್ಸೂರೆನ್ಸ್ ಐತ್ರೀ. ಆದ್ರ ನಾ ಎಂದೂ ಯಾರಿಗೂ ಗುದ್ದಿಲ್ಲ. ಕಟ್ಟಿದ ರೊಕ್ಕ ನೀರಾಗ ಹೋದಂಗ" ಎಂದರು. ನಿಮ್ಮ ಮನೆಯಲ್ಲೂ ಈ ಮಾತು ಕೇಳಿರುತ್ತೀರಿ. ಕಾನೂನು ಕಡ್ಡಾಯ ಮಾಡಿರುವ ವಿಮೆ ಅವರಿಗಾಗಿ ಹುಟ್ಟಿದ್ದೇ ಅಲ್ಲ ಎಂಬುದು ಅವರಿಗೆ ಯಾರೂ ಹೇಳಿರಲಿಲ್ಲ.

ವಿಮೆಯಲ್ಲಿ ವಾಹನದ ಮಾಲೀಕ ಮೊದಲನೆಯವನು, ಕಂಪನಿ ಎರಡನೆಯದು. ಸಹಿ ಹಾಕುವವರು ಇವರಿಬ್ಬರೇ. ಪರಿಹಾರ ಸಿಗಬೇಕಾದದ್ದು ಮಾತ್ರ ಸಹಿಯನ್ನೇ ಹಾಕದ ಮೂರನೆಯವನಿಗೆ: ದಾರಿಯಲ್ಲಿ ನಡೆಯುತ್ತಿದ್ದವನಿಗೆ, ಸೈಕಲ್ ತುಳಿಯುತ್ತಿದ್ದವನಿಗೆ. ಇಂಥ ವಿಚಿತ್ರ ಏರ್ಪಾಡು ಏಕೆ ಬೇಕಾಯಿತು?

ಮೋಟಾರು ಬಂದ ಹೊಸತರಲ್ಲಿ ಪೆಟ್ಟು ತಿಂದವನು ದಾವೆ ಹೂಡಿ ಗೆಲ್ಲುತ್ತಿದ್ದ. ಆದರೆ ಸೋತವನ ಬಳಿ ಕೊಡಲು ಹಣವೇ ಇರುತ್ತಿರಲಿಲ್ಲ. ಡಿಕ್ರಿ ಬರಿಯ ಕಾಗದವಾಗುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1927ರಿಂದ ವಿಮೆ ಕಡ್ಡಾಯವಾಯಿತು. ಬ್ರಿಟನ್ 1930ರಲ್ಲಿ ಕಾಯಿದೆ ಮಾಡಿತು. ನಮ್ಮಲ್ಲಿ 1914ರ ಮೋಟಾರು ಕಾಯಿದೆಯಲ್ಲಿ ವಿಮೆಯ ಮಾತಿರಲಿಲ್ಲ. 1939ರ ಕಾಯಿದೆಯಲ್ಲಿ ಅದಕ್ಕೊಂದು ಅಧ್ಯಾಯವೇ ಬಂತು. ಆದರೂ ಆ ಅಧ್ಯಾಯ ಜಾರಿಯಾದದ್ದು 1946ರ ಜುಲೈ 1ರಂದು, ಏಳು ವರ್ಷ ತಡವಾಗಿ!

ಆಗಲೂ ಅದು ಬ್ರಿಟಿಷ್ ಇಂಡಿಯಾದ ಕಾನೂನು. ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನ 1932ರಲ್ಲೇ 27 ಬಸ್ಸುಗಳಿಂದ ಸರ್ಕಾರಿ ಸಾರಿಗೆ ಆರಂಭಿಸಿತ್ತು ನಿಜ. ಆದರೆ ಭಾರತದ ಮೋಟಾರು ಕಾಯಿದೆ ಇತ್ತ ಬಂದದ್ದು 1948ರ ವಿಲೀನದ ಮೇಲೆಯೇ.

ಮುಂದಿನ ಹೆಜ್ಜೆಗಳೂ ನಿಧಾನವೇ. 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶವಾಯಿತು. 1982ರಲ್ಲಿ, ತಪ್ಪು ಯಾರದೆಂದು ಸಾಬೀತು ಮಾಡದೆಯೂ ಸತ್ತವರ ಮನೆಯವರಿಗೆ 15,000 ರೂಪಾಯಿ ಸಿಗುವಂತಾಯಿತು. ಆ ಮೊತ್ತ ಚಿಕ್ಕದು, ಅದರ ಹಿಂದಿನ ವಿಚಾರ ದೊಡ್ಡದು. 1988ರ ಕಾಯಿದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ 146ನೇ ಕಲಂ ಪ್ರಕಾರ ವಿಮೆಯಿಲ್ಲದ ವಾಹನ ಸಾರ್ವಜನಿಕ ಸ್ಥಳದಲ್ಲಿ ಓಡುವಂತಿಲ್ಲ. ಟ್ರ್ಯಾಕ್ಟರೂ ಅದರ ಹಿಂದಿನ ಟ್ರಾಲಿಯೂ ಕಾನೂನಿನ ಕಣ್ಣಿಗೆ ಮೋಟಾರು ವಾಹನಗಳೇ. ತಪ್ಪಿದರೆ 2019ರ ತಿದ್ದುಪಡಿಯಂತೆ ಮೊದಲ ಬಾರಿಗೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ದಂಡ. ಮೂರು ತಿಂಗಳವರೆಗೆ ಸಜೆಯೂ ಆಗಬಹುದು. ಮೊದಲ ವರ್ಷದ ನಂತರ ಜನ ವಿಮೆ ನವೀಕರಿಸುವುದನ್ನೇ ಬಿಡುತ್ತಿದ್ದುದರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೆಯವರ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕಾಯಿತು.

ಈಗ ಸಾಲಗುಂದದ ಟ್ರಾಲಿಗೆ ಮರಳೋಣ. ಭತ್ತ ಹೇರುವ ಅದೇ ಟ್ರಾಲಿಯಲ್ಲಿ ಊರಿನವರು ಅಂಬಾಮಠದ ಜಾತ್ರೆಗೆ ಹೊರಡುತ್ತಾರೆ, ಬೀಗರ ಮದುವೆಗೆ ಹೊರಡುತ್ತಾರೆ. ಬಾಡಿಗೆ ಇಲ್ಲ, ಬರೀ ವಿಶ್ವಾಸ. ಟ್ರಾಲಿ ಮಗುಚಿದರೆ ಇವರೂ ಮೂರನೆಯವರೇ ಅಲ್ಲವೇ? ವಿಜ್ಞಾನ ಓದಿದ ನನಗೆ ಲೆಕ್ಕ ಸುಲಭವೆನಿಸಿತ್ತು: ಮಾಲೀಕನೂ ಅಲ್ಲ, ಕಂಪನಿಯೂ ಅಲ್ಲ, ಅಂದ ಮೇಲೆ ಮೂರನೆಯವರು. ಕಾನೂನಿನ ಗಣಿತ ಬೇರೆ. ಸರಕು ವಾಹನದಲ್ಲಿ ಬಿಟ್ಟಿಯಾಗಿ ಕೂತು ಹೋಗುವವರು ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2002ರ ಡಿಸೆಂಬರಿನಲ್ಲಿ ಹೇಳಿತು. 1994ರ ತಿದ್ದುಪಡಿ ಒಳಗೆ ಸೇರಿಸಿಕೊಂಡದ್ದು ಸರಕಿನ ಜೊತೆ ಹೋಗುವ ಅದರ ಒಡೆಯನನ್ನು ಅಥವಾ ಅವನ ಪ್ರತಿನಿಧಿಯನ್ನು ಮಾತ್ರ. ಕಂಪನಿ ಮೊದಲು ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸಿದ್ದುಂಟು; ಆಗಲೂ ಕೊನೆಗೆ ಭಾರ ಬೀಳುವುದು ಟ್ರ್ಯಾಕ್ಟರ್ ಮಾಲೀಕನ ಹೊಲದ ಮೇಲೆಯೇ.

ಇದನ್ನು ಆ ಮಾಲೀಕರಿಗೆ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಜಾತ್ರಿಗೆ ಇವರನ್ನ ಯಾದ್ರಾಗ ಕಳಿಸೂದ್ರೀ?" ಎಂದು ಕೇಳಿದರು.