ಗೋಲಿ ಸೋಡಾ, ಬಿಯರು ಮತ್ತು ಅಜ್ಜನ ಲೆಕ್ಕ

ಮೊನ್ನೆ ಇಳಕಲ್ಲಿಗೆ ಹೋದಾಗ ಅಟ್ಟದ ಮೇಲೆ ಅಜ್ಜನ ಸೋಡಾ ಬಾಟ್ಲಿ ಒಂದು ಸಿಕ್ಕಿತು. ಕುತ್ತಿಗೆಯಲ್ಲಿ ಗೋಲಿ ಇನ್ನೂ ಇದೆ, ಬಾಯಿಯ ರಬ್ಬರು ಮಾತ್ರ ಒಣಗಿ ಪುಡಿಪುಡಿ. ಅದೇ ವಾರ ಬೆಂಗಳೂರಿನ ರೂಮ್‌ಮೇಟ್ ಕೇಳಿದ್ದ, "ಬಾಟ್ಲಿಗೆ ತುಂಬೋ ಮುಂಚೆ ಬಿಯರಿಗೆ ಸಕ್ಕರೆ ಹಾಕ್ತಾರಂತಲ್ಲ, ಸಿಹಿಗಾ?" ಈ ಎರಡಕ್ಕೂ ನಂಟಿದೆ ಅಂತ ಆಗ ಹೊಳೆದಿರಲಿಲ್ಲ.

ಸಿಹಿಗಲ್ಲ, ಗ್ಯಾಸಿಗೆ. ಹುದುಗಿ ಮುಗಿದ ಬಿಯರಿನಲ್ಲಿ ಗ್ಯಾಸು ಹೆಚ್ಚು ಉಳಿದಿರುವುದಿಲ್ಲ. ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ, ಉಳಿದ ಈಸ್ಟು ಅದನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಅದು ಬಿಯರಿನಲ್ಲೇ ಕರಗುತ್ತದೆ. ಎರಡು ವಾರ ಬೇಕು. 650 ಎಂಎಲ್ ಬಾಟ್ಲಿಗೆ 4 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಸಕ್ಕರೆ ಹೆಚ್ಚಾದರೆ ಅಥವಾ ಹುದುಗು ಮುಗಿಯುವ ಮುಂಚೆಯೇ ತುಂಬಿದರೆ ಬಾಟ್ಲಿ ಬಾಂಬಿನಂತೆ ಸಿಡಿಯುತ್ತದೆ. ಇದು ಹಳೆಯ ವಿದ್ಯೆ. 1662ರಲ್ಲೇ ಕ್ರಿಸ್ಟೋಫರ್ ಮೆರೆಟ್, ವೈನಿಗೆ ಸಕ್ಕರೆ ಸೇರಿಸಿ ನೊರೆ ಬರಿಸುವ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಿದ್ದ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾಡುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಗೆಳೆಯನಿಗೆ ಹೇಳಿದ್ದೇನೆ!)

ಇನ್ನು ಸೋಡಾ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಯ ಮನೆ ಬಿಯರ್ ಕಾರ್ಖಾನೆಯ ಪಕ್ಕದಲ್ಲಿತ್ತು. ಬಿಯರ್ ಹುದುಗುತ್ತಿದ್ದ ದೊಡ್ಡ ತೊಟ್ಟಿಯ ಮೇಲೆ ನಿಂತ ಗ್ಯಾಸಿನಲ್ಲಿ ಅವನು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದ. ನೀರು ಚುರುಗುಟ್ಟಿತು. ನಮ್ಮ ಸೋಡಾ ಹುಟ್ಟಿದ್ದು ಹೀಗೆ, ಬಿಯರಿನ ಉಸಿರಿನಿಂದ! 1783ರಲ್ಲಿ ಜಿನೀವಾದ ಜೇಕಬ್ ಶ್ವೆಪ್ ಅದನ್ನು ವ್ಯಾಪಾರ ಮಾಡಿದ. ಆದರೆ ಬಿರಡೆ ಒಣಗಿದರೆ ಗ್ಯಾಸು ಸೋರುತ್ತಿತ್ತು. ಅದಕ್ಕೆ 1870ರ ದಶಕದಲ್ಲಿ ಹೈರಂ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಗೋಲಿ ಬಾಟ್ಲಿ ಮಾಡಿದ. ಒಳಗಿನ ಒತ್ತಡವೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ, ಬೇರೆ ಮುಚ್ಚಳವೇ ಬೇಡ. ಇಷ್ಟು ಚೆಂದದ ಡಿಸೈನು ನಾನಂತೂ ಆಫೀಸಿನಲ್ಲಿ ಕಂಡಿಲ್ಲ :)

ಅಜ್ಜ ನಸುಕಿನಲ್ಲೇ ತುಂಬುತ್ತಿದ್ದ. ಹರವಿಯ ತಣ್ಣೀರು ಹಾಕಿ, ಬಾಟ್ಲಿಗಳನ್ನು ಕಬ್ಬಿಣದ ಚೌಕಟ್ಟಿಗೆ ಸಿಗಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು ಚಕ್ರ ತಿರುಗಿಸುವುದು. ಬಾಟ್ಲಿ ತಲೆಕೆಳಗಾದಾಗ ಗೋಲಿ ಬಾಯಿಗೆ ಬಂದು ಕೂರುತ್ತದೆ. ನಸುಕೇ ಯಾಕೆ? 0 ಡಿಗ್ರಿಯ ನೀರು ಹಿಡಿಯುವ ಗ್ಯಾಸಿನ ಮೂರನೇ ಒಂದು ಪಾಲೂ 40 ಡಿಗ್ರಿಯ ನೀರಿನಲ್ಲಿ ನಿಲ್ಲುವುದಿಲ್ಲ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ. ಬಿಸಿಲಿಗೆ ಸಿಡಿದ ಒಂದು ಬಾಟ್ಲಿಯ ಗುರುತು ಅಜ್ಜನ ಹುಬ್ಬಿನ ಮೇಲೆ ಕೊನೆಯವರೆಗೂ ಇತ್ತು.

ಅಜ್ಜ ಕುಡಿಯುತ್ತಿದ್ದ. ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದದ್ದು ನಿಮಗೂ ಗೊತ್ತಿರಬಹುದು. ಅದೇ 'ಮಹಾಂತ ಜೋಳಿಗೆ'. ಸ್ವಾಮೀಜಿ 2018ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಅಜ್ಜನೂ ತನ್ನ ಕುಡಿತ ಹಾಕಿದ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅವನ ಸೋಡಾದಲ್ಲಿ ಅರ್ಧಕ್ಕೂ ಹೆಚ್ಚು ಹೋಗುತ್ತಿದ್ದುದು ಬ್ರಾಂದಿ ಅಂಗಡಿಗಳಿಗೆ. ಅಜ್ಜಿ ಈಗಲೂ ಹೇಳುತ್ತಾಳೆ, "ಕುಡಿಯೂದು ಜೋಳಿಗ್ಯಾಗ ಹಾಕಿ ಬಂದೀನಿ, ಇನ್ನ ಕುಡಿಯಾವ್ರಿಗೆ ಸೋಡಾ ಯಾಕ ಕೊಡ್ಲಿ ಅಂದ್ರು ನಿಮ್ಮಜ್ಜ. ಬ್ಯಾಡ ಅಂದ್ರ ಕೇಳ್ಲಿಲ್ಲ." ಆಮೇಲೆ ಹುನಗುಂದದ ಸಂತೆ, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಅಂತ ಬಾಟ್ಲಿ ಹೊತ್ತು ತಿರುಗಿದ. ಸಾಲಲಿಲ್ಲ. ಬಾಗಲಕೋಟೆಯಲ್ಲಿ ಓದುತ್ತಿದ್ದ ಅಪ್ಪನ ಫೀಗೆ ಅಜ್ಜಿಯ ಬಿಲ್ವಾರ ಹೋದವು.

ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಸೋಡಾ ಏನು ಪಾಪ ಮಾಡಿತ್ತು? ಈಗಿನ ಕಾರ್ಖಾನೆಯ ಬಿಯರಿಗೂ ಬಹುತೇಕ ಸೋಡಾದಂತೆಯೇ ಗ್ಯಾಸು ಒತ್ತಿ ತುಂಬುತ್ತಾರೆ, ಗೆರೆ ಎಲ್ಲಿ ಎಳೆಯುವುದು? ಪ್ರೀಸ್ಟ್ಲಿಯ ಕಥೆ ಗೊತ್ತಾಗಿದ್ದರೆ ಅಜ್ಜ ಮಿಷನ್ನನ್ನೇ ಗುಜರಿಗೆ ಹಾಕುತ್ತಿದ್ದನೋ ಏನೋ. ಅಜ್ಜಿಗೂ ಇದನ್ನೇ ಹೇಳಿದೆ. ಅವಳು ಬರಿಗೈ ನೋಡಿಕೊಂಡು ನಕ್ಕಳು, ಬಾಟ್ಲಿಯನ್ನು ಸೆರಗಿನಲ್ಲಿ ಒರೆಸಿ ದೇವರ ಮಾಡದ ಪಕ್ಕ ಇಟ್ಟಳು.

ಅದರ ಬಾಯಿಗೆ ಹೊಂದುವ ರಬ್ಬರ್ ವಾಷರ್ ಹುಡುಕುತ್ತಿದ್ದೇನೆ. ಎಲ್ಲಾದರೂ ಕಂಡರೆ ತಿಳಿಸಿ.